ಇಳಿಜಾರಿನ ಅರ್ಧ ಪಾಠ

ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ಮೇಷ್ಟ್ರನ್ನು ನನ್ನ ಇಡೀ ಸರ್ವಿಸಿನಲ್ಲಿ ಒಬ್ಬರನ್ನೇ ನೋಡಿದ್ದೇನೆ. ಶಿಡ್ಲಘಟ್ಟದವರು. ಬೆಳಿಗ್ಗೆ ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಇಳಿದು ಗೌರಿಬಿದನೂರಿನ ಕಡೆ ಹೋಗುವ ಖಾಸಗಿ ಬಸ್ಸು ಹತ್ತುತ್ತಿದ್ದರು. ನನ್ನದೂ ಅದೇ ಬಸ್ಸು. ಇಬ್ಬರೂ ಆ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆವು. ಅವರು ವಿಜ್ಞಾನಕ್ಕೆ, ನಾನು ಕನ್ನಡಕ್ಕೆ. ಸೀಟು ಖಾಲಿ ಇದ್ದರೂ ಅವರು ಕೂರುತ್ತಿರಲಿಲ್ಲ. ಸೀಟುಗಳ ನಡುವೆ ಕಾಲು ಅಗಲಿಸಿ, ಊಟದ ಬ್ಯಾಗನ್ನು ಎದೆಗವಚಿಕೊಂಡು ನಿಂತು, ಬಸ್ಸು ತಿರುಗಿದಾಗ ತಮ್ಮ ಮೈ ಎತ್ತ ವಾಲುತ್ತದೆ ಎಂದು ಗಮನಿಸುವುದು ಅವರ ದಿನದ ಮೊದಲ ಕೆಲಸ.

"ಸಾರ್, ಕಂಬಿ ಹಿಡ್ಕೊಳ್ಳಿ ಸಾರ್" ಎಂದು ಕಂಡಕ್ಟರು ಬೇಡಿಕೊಳ್ಳುತ್ತಿದ್ದ. ಅವರು ಕೇಳಿದವರೇ ಅಲ್ಲ. ಒಂದು ದಿನ ಎಮ್ಮೆಯೊಂದು ಅಡ್ಡ ಬಂತೆಂದು ಡ್ರೈವರು ಬ್ರೇಕು ಒತ್ತಿದ. ಮೇಷ್ಟ್ರು ಹೋಗಿ ಮುಂದೆ ಕೂತಿದ್ದ ಹೂವಿನವಳ ಸೇವಂತಿಗೆ ಬುಟ್ಟಿಯ ಮೇಲೆ ಬೋರಲು ಬಿದ್ದರು. "ಏಂ ಸಾರೂ, ಕಳ್ಳು ಕನಪಡಲೇದಾ?" ಕಣ್ಣು ಕಾಣಲಿಲ್ಲವಾ ಎಂದು ಅವಳು ತೆಲುಗಿನಲ್ಲಿ ಶುರು ಮಾಡಿದಳು. ಮೇಷ್ಟ್ರು ಎದ್ದು, ಅಂಗಿಗೆ ಅಂಟಿದ ಹೂವಿನ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಅವಳ ಬುಟ್ಟಿಗೇ ಹಾಕುತ್ತಾ, "ನಾನು ಬೀಳಲಿಲ್ಲ ಕಣಮ್ಮ. ಬಸ್ಸು ನಿಂತ್ಬಿಡ್ತು. ನಾನು ಹೋಗ್ತಾ ಇದ್ದೆ, ಅಷ್ಟೇ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಹೂವಿನವಳೂ ನಕ್ಕಳು.

ಆ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ನಿವೃತ್ತರಾಗಿ ಹೆಚ್ಚು ಕಾಲವಾಗಿರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 'ಸೈನ್ಸ್ ಮೇಷ್ಟ್ರು' ಎಂದರೆ ನಮ್ಮ ಊರುಗಳಲ್ಲಿ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಮಣ್ಣು ಮುಗಿಸಿ ಬರುವಾಗ ನಮ್ಮ ಶಾಲೆಯ ಹೊಸ ಹುಡುಗ ಮೇಷ್ಟ್ರುಗಳು ಅವರ ಮೇಲಿನ ಹಳೆಯ ದೂರನ್ನೇ ಪ್ರೀತಿಯಿಂದ ನೆನೆಸಿಕೊಂಡರು. "ಬೆಲ್ಲಾದ್ರೂ ಕ್ಲಾಸ್ ಬಿಡ್ತಿರ್ಲಿಲ್ಲ ಅಲ್ವಾ ಮೇಡಂ? ನಮ್ಮ ಪೀರಿಯಡ್ಡನ್ನೆಲ್ಲಾ ನುಂಗಿ ನೀರು ಕುಡಿದ್ಬಿಡೋರು" ಎಂದು ಒಬ್ಬ ಹೇಳಿದ. ಹೌದಪ್ಪಾ ಎಂದೆ. ಆದರೆ ಮೇಷ್ಟ್ರು ಮೊದಲಿನಿಂದ ಹಾಗಿರಲಿಲ್ಲ. ಬೆಲ್ಲು ಹೊಡೆದರೆ ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡು, ಬಾಯಲ್ಲಿದ್ದ ಮಾತನ್ನು ಅಲ್ಲೇ ಬಿಟ್ಟು ಹೊರಟುಬಿಡುವವರು. ಆ ಅಭ್ಯಾಸ ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಎನ್ನುವುದು ಗೊತ್ತಿರುವವರಲ್ಲಿ ನಾನೊಬ್ಬಳು. ಅದನ್ನು ಹೇಳದೆ ಅವರ ಬಗ್ಗೆ ಏನು ಬರೆದರೂ ಸುಳ್ಳಾಗುತ್ತದೆ.

ಕುಳ್ಳಗಿನ ಆಳು. ಪ್ಯಾಂಟು ಯಾವಾಗಲೂ ಒಂದು ಸುತ್ತು ಮಡಿಚಿರುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿಗಿಂತ ಹೆಚ್ಚಾಗಿ ದಾರ, ಗೋಲಿ, ರಬ್ಬರ್ ಬ್ಯಾಂಡು. ಶಿಡ್ಲಘಟ್ಟದ ಅವರ ಮನೆಯ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಒಂದು ಘಟಕವಿತ್ತು. ಅಲ್ಲಿಂದ ತುಂಡು ನೂಲು ಕೇಳಿ ತಂದು, ಕೆಲವು ಎಳೆ ಸೇರಿಸಿ ಹುರಿ ಮಾಡಿ, ಅದರಲ್ಲಿ ಒಂದು ಕಲ್ಲನ್ನು ಕ್ಲಾಸಿನ ತೊಲೆಗೆ ನೇತುಹಾಕುವರು. ಕಲ್ಲಿನ ಕೆಳಗೂ ಅದೇ ನೂಲಿನ ಇನ್ನೊಂದು ತುಂಡು. ಕೆಳಗಿನ ನೂಲನ್ನು ಮೆಲ್ಲಗೆ ಎಳೆದರೆ ಮೇಲಿನದು ಹರಿಯುತ್ತಿತ್ತು. ರಪ್ಪೆಂದು ಜಗ್ಗಿದರೆ ಕೆಳಗಿನದೇ ಹರಿಯುತ್ತಿತ್ತು. ಮಕ್ಕಳಿಗೆ ಇದು ಜಾದೂ. "ಜಾದೂ ಅಲ್ಲ ಕಣ್ರಪ್ಪ. ಕಲ್ಲಿಗೆ ಸೋಮಾರಿತನ. ಎದ್ದೇಳಕ್ಕೆ ಟೈಮು ಬೇಕು ಅದಕ್ಕೆ. ನಿಮ್ಮ ಥರಾನೇ" ಎನ್ನುವರು.

ನನ್ನ ಅವರ ಜಗಳ ಗಾದೆಗಳ ಮೇಲೆ. ಎರಡು ಬಲಗಳು ಎದುರುಬದುರಾಗಿ ಎಳೆಯುವುದನ್ನು ಹೇಳಬೇಕಾದರೆ ಅವರು 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂದು ಶುರು ಮಾಡುತ್ತಿದ್ದರು. "ಗಾದೆ ನನ್ನ ಸಬ್ಜೆಕ್ಟು ಸಾರ್, ನೀವು ಮುಟ್ಟಬೇಡಿ" ಎಂದು ಸ್ಟಾಫ್ ರೂಮಿನಲ್ಲಿ ನಾನು ರೇಗಿಸುತ್ತಿದ್ದೆ. "ಸರಿ ಮೇಡಂ, ಗಾದೆ ನಿಮ್ದು, ಎತ್ತು ಕೋಣ ನಂದು. ಈಗ ಗಾಡಿ ಯಾವ ಕಡೆ ಹೋಗುತ್ತೆ ಹೇಳಿ?" ನನಗೆ ಹೇಳಲಾಗುತ್ತಿರಲಿಲ್ಲ. ಅವರು ಹೇಳಿಕೊಡುತ್ತಿದ್ದರು. ಆ ಊಟದ ಹೊತ್ತುಗಳಲ್ಲಿ ನಾನು ಕಲಿತ ವಿಜ್ಞಾನ ನನ್ನ ಹೈಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಅವರದು ಒಂದೇ ಪ್ರಶ್ನೆ: "ಎಲ್ಲಿಗೆ ಹೋಯ್ತು?" ಗೋಲಿ ಉರುಳಿಸಿ, ಅದು ನಿಂತ ಮೇಲೆ, "ಓಡ್ತಿತ್ತಲ್ಲ, ಆ ಓಟ ಎಲ್ಲಿಗೆ ಹೋಯ್ತು?" ಎಂದು ಕೇಳುವರು. ಸುತ್ತಿಗೆಯಲ್ಲಿ ಮೊಳೆ ಹೊಡೆದು, "ಏಟು ಎಲ್ಲಿಗೆ ಹೋಯ್ತು?" ಎನ್ನುವರು. ಗೊತ್ತಿಲ್ಲ ಎಂದರೆ ಬೈಯುತ್ತಿರಲಿಲ್ಲ; ಮೊಳೆಯನ್ನು ಮುಟ್ಟಿ ನೋಡು ಎನ್ನುವರು. ಶಕ್ತಿ ಯಾವತ್ತೂ ಕಳೆದುಹೋಗುವುದಿಲ್ಲ, ವೇಷ ಬದಲಾಯಿಸಿ ಎಲ್ಲೋ ಕೂತಿರುತ್ತದೆ, ಹುಡುಕುವುದು ನಿಮ್ಮ ಕೆಲಸ ಎಂಬುದು ಅವರ ಇಡೀ ಭೌತಶಾಸ್ತ್ರ. ಇಂಥವರು ಒಂದೇ ಒಂದು ದಿನ ಆ ಪ್ರಶ್ನೆ ಕೇಳದೆ ಬಿಟ್ಟರು.

ಅದಕ್ಕೆ ಮೊದಲು ಮಮತಳ ವಿಷಯ ಹೇಳಬೇಕು. ಒಂಬತ್ತನೇ ಕ್ಲಾಸಿನ ಮೊದಲ ಬೆಂಚಿನ ಹುಡುಗಿ, ಆ ಹಳ್ಳಿಯವಳೇ. ಅಪ್ಪ ವೆಂಕಟರವಣಪ್ಪನಿಗೆ ಒಂದು ಲಗೇಜ್ ಆಟೋ. ದ್ರಾಕ್ಷಿ ಕಾಲದಲ್ಲಿ ನಂದಿಯ ಕಡೆಯ ತೋಟಗಳಿಂದ ದ್ರಾಕ್ಷಿ, ಉಳಿದ ಕಾಲದಲ್ಲಿ ತರಕಾರಿ ತುಂಬಿಕೊಂಡು ಗೌರಿಬಿದನೂರಿಗೆ ಹೊಡೆಯುವವನು. ಮಮತಳ ಗುಣ ಏನೆಂದರೆ ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಅವತ್ತೇ ಮನೆಗೆ ಹೊತ್ತುಕೊಂಡು ಹೋಗುವುದು. ಬೋರ್‌ವೆಲ್ಲಿನ ಪಂಪು ಒತ್ತುವಾಗ ಹಿಡಿಯ ತುದಿಯಲ್ಲಿ ಒತ್ತು, ನಡುವಿನಲ್ಲಿ ಒತ್ತಿದರೆ ನಿನಗೇ ಭಾರ ಎಂದು ಅಜ್ಜಿಗೆ ಹೇಳಿಕೊಟ್ಟಳು. ಮುದ್ದೆ ತಿರುವುವುದಕ್ಕೆ ಉದ್ದನೆಯ ಕೋಲು ತರಿಸಿ ಎಂದು ಅಮ್ಮನ ಪರವಾಗಿ ಅಪ್ಪನ ಹತ್ತಿರ ವಾದ ಮಾಡಿ ಗೆದ್ದಳು. ಪೋಷಕರ ಸಭೆಗೆ ಬಂದ ವೆಂಕಟರವಣಪ್ಪ, "ನಮ್ಮನೇಲಿ ಈಗ ಒರಳುಕಲ್ಲಿಗೂ ಪಾಠ ಆಗ್ತೈತೆ ಸಾರ್" ಎಂದು ಎಲ್ಲರೆದುರು ಹೇಳಿದಾಗ ಮೇಷ್ಟ್ರ ಮುಖ ನೋಡಬೇಕಿತ್ತು. "ನೋಡಿದ್ರಾ ಮೇಡಂ? ನಾನು ನಾಲ್ಕು ಗೋಡೆ ಒಳಗೆ ಹೇಳಿದ್ದು ಊರು ಸೇರ್ತಾ ಇದೆ" ಎಂದು ಆವತ್ತು ಬಸ್ಸಿನುದ್ದಕ್ಕೂ ಅದೇ ಮಾತು.

ಆಗಿನ್ನೂ ನಮ್ಮದು ಕೋಲಾರ ಜಿಲ್ಲೆಯೇ. ಬೇಸಿಗೆ ಹತ್ತಿರವಾಗಿತ್ತು. ಒಂಬತ್ತನೇ ಕ್ಲಾಸಿಗೆ ಶಕ್ತಿಯ ಪಾಠ ನಡೆದಿತ್ತು. ಎತ್ತರದಲ್ಲಿರುವ ವಸ್ತುವಿನಲ್ಲಿ ಶಕ್ತಿ ಕೂಡಿರುತ್ತದೆ ಎಂದು ಹೇಳಲು ಅವರು ಪುಸ್ತಕದ ನೀರಿನ ತೊಟ್ಟಿಯನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ರಸ್ತೆಯನ್ನೇ ಹಿಡಿದರು. "ನಮ್ಮೂರು ದಾಟಿದ್ಮೇಲೆ ಗೌರಿಬಿದನೂರು ಕಡೆ ಇಳಿಜಾರು ಬರುತ್ತಲ್ಲ? ಅಲ್ಲಿ ಗಾಡಿ ಆಫ್ ಮಾಡಿದ್ರೂ ಹೋಗುತ್ತೆ. ಯಾಕ್ರೋ? ಹತ್ತೋವಾಗ ಸುಟ್ಟ ಡೀಸೆಲ್ಲನ್ನ ಬೆಟ್ಟ ಇಟ್ಕೊಂಡಿರುತ್ತೆ. ಇಳಿಯೋವಾಗ ವಾಪಸ್ ಕೊಡುತ್ತೆ. ಬೆಟ್ಟ ಮೋಸ ಮಾಡಲ್ಲ ಕಣ್ರಪ್ಪ." ಮಕ್ಕಳು ನಕ್ಕರು. ಅವರು ಇಳಿಜಾರಿನ ಚಿತ್ರ ಬರೆದು, ಅದರ ಮೇಲೊಂದು ಆಟೋ ಬರೆದರು. ಬೆಲ್ಲಾಯಿತು. ಚಾಕ್‌ಪೀಸು ಜೇಬಿಗೆ ಹೋಯಿತು.

ವಾಪಸ್ ಬಂದ ಶಕ್ತಿ ಕೆಳಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸುವವರು ಯಾರು ಎನ್ನುವುದನ್ನು ಮಾರನೆಯ ದಿನ ಕೇಳುವುದೆಂದು ಅಂದುಕೊಂಡಿದ್ದರಂತೆ. ಮಾರನೆಯ ದಿನ ಅವರನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದರು. ನಮ್ಮ ಇಲಾಖೆಯಲ್ಲಿ ಅದು ಮಾಮೂಲು. ಮೇಷ್ಟ್ರು ಮನೆಮನೆ ತಿರುಗಿ ಬರುವ ಹೊತ್ತಿಗೆ ಪರೀಕ್ಷೆ ತಲೆಯ ಮೇಲೆ ಕೂತಿರುತ್ತದೆ. ವಾಪಸ್ ಬಂದವರು ಆತುರದಲ್ಲಿ ಮುಂದಿನ ಪಾಠಕ್ಕೆ ಹೋದರು. ಬೋರ್ಡಿನ ಮೇಲಿದ್ದ ಆಟೋವನ್ನು ಯಾರೋ ಒರೆಸಿದ್ದರು.

ಆ ದ್ರಾಕ್ಷಿ ಕಾಲದಲ್ಲೇ ವೆಂಕಟರವಣಪ್ಪನ ಆಟೋ ಆ ಇಳಿಜಾರಿನಲ್ಲಿ ಮಗುಚಿತು. ಭರ್ತಿ ಲೋಡಿತ್ತು. ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಟ್ಟಿದ್ದ. ಬ್ರೇಕು ಒತ್ತಿ ಒತ್ತಿ ಕೊನೆಯ ತಿರುವಿಗೆ ಬರುವಾಗ ಬ್ರೇಕು ಹಿಡಿಯಲೇ ಇಲ್ಲ. ಎದುರಿನಿಂದ ಬರುತ್ತಿದ್ದ ಬಸ್ಸಿಗೆ ಗುದ್ದುವುದರ ಬದಲು ಅವನೇ ದಿಬ್ಬಕ್ಕೆ ಹೊಡೆದ. ಬೇರೆ ಯಾರಿಗೂ ಏನೂ ಆಗಲಿಲ್ಲ. ಅವನ ಬಲಗಾಲು ಆಟೋದ ಅಡಿ ಸಿಕ್ಕಿ ನುಜ್ಜಾಯಿತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಾವಿಬ್ಬರೂ ಹೋದೆವು. ಶಾಲೆಯ ಮಗುವಿನ ಅಪ್ಪ, ನೋಡಿ ಬರುವುದು ಮರ್ಯಾದೆ ಎಂದು ಹೋದದ್ದು. ಬೇರೆ ಏನೂ ನಮಗೆ ಗೊತ್ತಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಬ್ರೆಡ್ಡು, ಮೋಸಂಬಿ. ವೆಂಕಟರವಣಪ್ಪನ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲಿಂದ ತೂಕ ಇಳಿಬಿಟ್ಟಿದ್ದರು. ಮೇಷ್ಟ್ರು ಅಭ್ಯಾಸಬಲದಿಂದ ಆ ರಾಟೆಯನ್ನೇ ನೋಡುತ್ತಾ ನಿಂತರು. ಮಮತ ಗೋಡೆಗೆ ಒರಗಿ ನಿಂತಿದ್ದಳು, ತಲೆ ಎತ್ತಲಿಲ್ಲ.

"ಬನ್ನಿ ಸಾರ್" ಎಂದ ವೆಂಕಟರವಣಪ್ಪ. "ಇಳಿಜಾರಲ್ಲಿ ಗಾಡಿ ಆಫ್ ಮಾಡಿದ್ರೂ ಹೋಗುತ್ತೆ, ನಮ್ಮ ಮೇಷ್ಟ್ರು ಹೇಳವ್ರೆ ಅಂತ ನಮ್ಮ ಹುಡ್ಗಿ ಹೇಳಿದ್ಲು. ಹೋಯ್ತು ಸಾರ್. ಚೆನ್ನಾಗೇ ಹೋಯ್ತು. ನಿಲ್ಸೋದು ಹೆಂಗೆ ಅಂತ ನೀವು ಹೇಳ್ಕೊಡಲಿಲ್ವಾ?"

ಮೇಷ್ಟ್ರು ಮತ್ತೆ ರಾಟೆಯ ಕಡೆಗೇ ತಿರುಗಿದರು. ನಾನೇ ಏನೋ ಸಮಾಧಾನದ ಮಾತು ಆಡಿದೆ. ಮಮತ ಅಲ್ಲಿಂದ ಹೊರಟುಹೋದಳು. ಹೊರಗೆ ಬಂದು ಗೇಟಿನ ಹತ್ತಿರ ನಿಂತಾಗ ನೋಡಿದೆ, ಮೋಸಂಬಿಯ ಚೀಲ ಮೇಷ್ಟ್ರ ಕೈಯಲ್ಲೇ ಇತ್ತು. ಕೊಡುವುದನ್ನೂ ಮರೆತಿದ್ದರು.

"ನಾನು ಸುಳ್ಳು ಹೇಳಿಲ್ಲ ಮೇಡಂ" ಎಂದರು. "ಸುಳ್ಳು ಹೇಳಿದ್ರೆ ವಾಸಿಯಾಗಿತ್ತು. ಯಾರಾದ್ರೂ ತಿದ್ದೋರು. ಅರ್ಧ ನಿಜ ಹೇಳ್ಬಿಟ್ಟೆ. ಅದನ್ನ ಯಾರು ತಿದ್ತಾರೆ?"

ಮಾರನೆಯ ದಿನ ಬಸ್ಸಿನಲ್ಲಿ ಅವರು ಕಂಬಿ ಹಿಡಿದುಕೊಂಡಿದ್ದರು. ಒಂದು ಕೈಯಲ್ಲಲ್ಲ, ಎರಡೂ ಕೈಯಲ್ಲಿ. ಊಟದ ಬ್ಯಾಗನ್ನು ಕಾಲಿನ ನಡುವೆ ಇಟ್ಟುಕೊಂಡಿದ್ದರು. ಕಂಡಕ್ಟರು ನನ್ನ ಮುಖ ನೋಡಿದ, ನಾನು ಕಿಟಕಿಯ ಕಡೆ ತಿರುಗಿದೆ. ಕ್ಲಾಸಿನಲ್ಲೂ ಹಾಗೇ ಆಯಿತು. ಜೇಬಿನ ದಾರ, ಗೋಲಿ ಹೋದವು. ಪುಸ್ತಕ ಹಿಡಿದು ಸಾಲು ಸಾಲಾಗಿ ಓದಿ ಹೇಳುವರು, ಮಕ್ಕಳು ಬರೆದುಕೊಳ್ಳುವರು. "ಸಾರ್, ಕಲ್ಲು ಕಟ್ಟಲ್ವಾ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ್ದಕ್ಕೆ, "ಪುಸ್ತಕದಾಗೆ ಇರೋದು ಬರ್ಕೊಳೋ. ಪುಸ್ತಕ ಬರೆದೋರು ಪೂರ್ತಿ ಬರೆದಿರ್ತಾರೆ" ಎಂದರಂತೆ. ಒಬ್ಬ ಒಳ್ಳೆಯ ಮೇಷ್ಟ್ರು ನಮ್ಮ ಕಣ್ಣೆದುರಿಗೇ ಮುಗಿದುಹೋಗುತ್ತಿದ್ದರು.

ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಮಮತ ಬರಲಿಲ್ಲ. ಹತ್ತನೇ ಕ್ಲಾಸು. ಒಂದು ವಾರ ನೋಡಿದೆವು, ಎರಡು ವಾರ ನೋಡಿದೆವು. ಅಪ್ಪನ ಕಾಲು ಸರಿಯಿಲ್ಲ, ಮನೆಯಲ್ಲಿ ಕೆಲಸವಿರಬೇಕು ಎಂದು ಹೆಡ್ಮಾಸ್ಟರು ಅಂದರು. ಮೇಷ್ಟ್ರು ಮಾತ್ರ ಭಾನುವಾರಗಳಲ್ಲಿ ಶಿಡ್ಲಘಟ್ಟದಿಂದ ಎರಡು ಬಸ್ಸು ಹಿಡಿದು ಆ ಮನೆಗೆ ಹೋಗಿ ಬರುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ. "ಜಗಲಿ ಮೇಲೆ ಕೂತಿರ್ತೀನಿ" ಎಂದರು. "ನಾನು ಹೋದ ತಕ್ಷಣ ಆ ಹುಡುಗಿ ಹಿತ್ತಲಿಗೆ ಹೋಗ್ಬಿಡ್ತಾಳೆ. ಅವಳ ಅಮ್ಮ ಕಾಫಿ ಕೊಡ್ತಾರೆ. ಕುಡಿದು ಬರ್ತೀನಿ."

ನನಗೆ ರೇಗಿತು. ತಪ್ಪಿತಸ್ಥನ ಹಾಗೆ ಕೂತು ಕಾಫಿ ಕುಡಿದು ಬಂದರೆ ಹುಡುಗಿ ಶಾಲೆಗೆ ಬರುತ್ತಾಳೆಯೇ? ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬಳೇ ಹೋದೆ. ಮಮತ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು. ಯಾಕಮ್ಮಾ ಬರುತ್ತಿಲ್ಲ ಎಂದೆ. ಬಹಳ ಹೊತ್ತು ಬೂದಿಯಲ್ಲಿ ಅದೇ ತಂಬಿಗೆಯನ್ನು ಉಜ್ಜಿದಳು.

"ನಾನು ಹೇಳ್ಬಾರ್ದಾಗಿತ್ತು ಮೇಡಂ" ಎಂದಳು. "ಇಸ್ಕೂಲಲ್ಲಿ ಕೇಳಿದ್ದು ಮನೇಲಿ ಹೇಳ್ದೆ ಇರಕ್ಕೆ ನಂಗೆ ಬರಲ್ಲ. ಅದಕ್ಕೇ ಬರಲ್ಲ."

ಜಗಲಿಗೆ ಬಂದು ವೆಂಕಟರವಣಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಊರುಗೋಲು ಪಕ್ಕದಲ್ಲಿಟ್ಟು ಕೂತಿದ್ದ. "ಆಸ್ಪತ್ರೆಯಲ್ಲಿ ನೀವು ಆಡಿದ ಒಂದು ಮಾತಿಗೆ ನಿಮ್ಮ ಮಗಳು ಓದು ಬಿಟ್ಟು ಕೂತಿದ್ದಾಳೆ, ಒಬ್ಬ ಮೇಷ್ಟ್ರು ಪಾಠ ಬಿಟ್ಟು ಕೂತಿದ್ದಾರೆ. ಸಮಾಧಾನ ಆಯ್ತಾ ನಿಮಗೆ?" ಎಂದುಬಿಟ್ಟೆ. ಕಾಲು ಕಳೆದುಕೊಂಡವನ ಹತ್ತಿರ ಆಡುವ ಮಾತಲ್ಲ ಅದು. ಅವನು ಸಿಟ್ಟಾಗಲಿಲ್ಲ.

"ನಿಜ ಹೇಳ್ಲಾ ಮೇಡಂ?" ಎಂದ ಮೆಲ್ಲಗೆ. "ನಾನು ಗಾಡಿ ತಗೊಂಡಾಗಿಂದ್ಲೂ ಹಂಗೇ ಇಳಿಯೋದು. ಆ ರೋಡಲ್ಲಿ ಲೋಡು ಹೊಡೆಯೋರೆಲ್ಲಾ ಹಂಗೇನೇ. ಡೀಸಲ್ ಉಳೀತದೆ ಅಂತ. ಹುಡ್ಗಿ ಬಂದು ಹೇಳ್ದಾಗ ನಗು ಬಂತು. ಓಹೋ, ನಿಮ್ಮ ಮೇಷ್ಟ್ರಿಗೂ ಗೊತ್ತಾ ಇದು ಅಂದೆ. ಕಾಲು ಹೋದಾಗ... ಏಂ ಚೇಸೇದಿ ಮೇಡಂ, ಏನ್ ಮಾಡೋದು, ಯಾರ ಮೇಲಾದ್ರೂ ಹಾಕ್ಬೇಕು ಅನ್ನಿಸ್ತು. ಹಾಕ್ದೆ."

"ಇದನ್ನ ಮಗಳಿಗೆ ಹೇಳಿದ್ದೀರಾ?"

ಇಲ್ಲ ಎಂದು ತಲೆ ಆಡಿಸಿದ. ಅವತ್ತೇ, ನನ್ನೆದುರಿಗೇ ಅವಳನ್ನು ಕರೆಸಿ ಹೇಳಿಸಿದೆ. ಮಮತ ಬೂದಿ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ತಲೆ ಸವರಿದ. ಆದರೆ ಶಾಲೆಗೆ ಬರುತ್ತೀಯಾ ಎಂದರೆ ಹೂಂ ಅನ್ನಲಿಲ್ಲ.

ಇರಲಿ, ಮೇಷ್ಟ್ರ ತಲೆಯ ಮೇಲಿನ ಹೊರೆಯಾದರೂ ಇಳಿಯಿತಲ್ಲ ಎಂದು ನನಗೆ ಸಂತೋಷ. ಬೆಳಗಾಗುವುದನ್ನೇ ಕಾದಿದ್ದು ಬಸ್ಸಿನಲ್ಲಿ ಅವರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ನಿಮ್ಮ ಪಾಠದಿಂದ ಆದದ್ದಲ್ಲ ಸಾರ್. ಅವನು ಮೊದಲಿಂದಲೂ ಹಾಗೇ ಇಳಿಯುತ್ತಿದ್ದನಂತೆ. ಅವನೇ ಒಪ್ಪಿಕೊಂಡ. ಇನ್ನಾದರೂ ಬಿಡಿ."

ಕಂಬಿ ಹಿಡಿದ ಅವರ ಕೈ ಬಿಗಿಯಾಯಿತು. ನಾನು ಅಂದುಕೊಂಡ ಬೆಳಕು ಅವರ ಮುಖದಲ್ಲಿ ಕಾಣಲಿಲ್ಲ.

"ಮೊದ್ಲಿಂದ್ಲೂ ಇಳೀತಿದ್ರಾ?" ಎಂದು ಕೇಳಿದರು. "ಹಾಗಾದ್ರೆ ಇನ್ನೂ ಕೆಟ್ಟದಾಯ್ತಲ್ಲ ಮೇಡಂ" ಎಂದರು.

"ಅದು ಹೇಗೆ?"

"ಅವಳು ಏನು ಕೇಳಿದ್ರೂ ಮನೇಲಿ ಹೇಳೋ ಹುಡುಗಿ. ನಾನು ಅವತ್ತು ಬ್ರೇಕಿನ ಮಾತು ಹೇಳಿದ್ದಿದ್ರೆ, ಅದನ್ನೂ ಹೋಗಿ ಹೇಳ್ತಿದ್ಲು. ಅಪ್ಪಾ, ಗೇರಲ್ಲೇ ಇಳಿಸ್ಬೇಕಂತೆ, ಬ್ರೇಕು ಕಾದ್ರೆ ಹಿಡಿಯಲ್ವಂತೆ ಅಂತ. ಮುದ್ದೆ ಕೋಲಿಗೆ ಜಗಳ ಆಡಿದೋಳು ಇದಕ್ಕೂ ಆಡ್ತಿದ್ಲು. ಅವರು ವರ್ಷಗಟ್ಲೆ ಮಾಡ್ತಿದ್ದ ತಪ್ಪನ್ನ ಬಿಡ್ಸೋಕೆ ದೇವರು ಒಂದು ದಾರಿ ಇಟ್ಟಿದ್ದ. ಆ ದಾರೀಲಿ ನಾನು ಕಳ್ಸಿದ್ದು ಏನು? ಭೇಷ್, ಹಂಗೇ ಇಳಿಯಪ್ಪಾ ಅಂತ."

ಅವರು ಅತಿ ಮಾಡುತ್ತಿದ್ದಾರೆ ಎಂದು ಅಲ್ಲಿಯ ತನಕ ಅಂದುಕೊಂಡಿದ್ದವಳಿಗೆ ಈಗ ನನ್ನದೇ ದಿಗಿಲು ಹತ್ತಿತು. ನಾನೂ ಬೆಲ್ಲಿಗೆ ಎದ್ದು ಬಂದವಳೇ. ಅರ್ಧಕ್ಕೆ ಬಿಟ್ಟ ನನ್ನ ಯಾವ ಮಾತು ಯಾರ ಮನೆ ಸೇರಿದೆಯೋ, ಅಲ್ಲಿ ಏನು ಮಾಡಿದೆಯೋ ಯಾರಿಗೆ ಗೊತ್ತು? ಪಾಠ ಹೇಳುವವರಿಗೆ ಈ ಯೋಚನೆ ಒಂದು ಸಲ ಬಂದರೆ ಸಾಕು, ಚೆನ್ನಾಗಿ ನಿದ್ದೆ ಬರುವುದಿಲ್ಲ.

ಆಮೇಲಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಮತ ಎಸ್ಸೆಸ್ಸೆಲ್ಸಿ ಪಾಸಾದಳು. ಈಗ ಚಿಂತಾಮಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಡಿ.ಎಡ್. ಓದುತ್ತಿದ್ದಾಳೆ. ವೆಂಕಟರವಣಪ್ಪ ಮತ್ತೆ ಗಾಡಿ ಓಡಿಸಲಿಲ್ಲ; ಬಸ್ ಸ್ಟಾಪಿನ ಹತ್ತಿರ ಸೊಪ್ಪು ತರಕಾರಿ ಇಟ್ಟುಕೊಂಡು ಕೂರುತ್ತಾನೆ. ಮೇಷ್ಟ್ರು ಕ್ಲಾಸಿಗೆ ಮತ್ತೆ ಗೋಲಿ, ದಾರ ತಂದರು, ಮತ್ತೆ "ಎಲ್ಲಿಗೆ ಹೋಯ್ತು?" ಎಂದು ಕೇಳತೊಡಗಿದರು. ಆದರೆ ಬೆಲ್ಲಾದ ಮೇಲೂ ಬಾಗಿಲಿಗೆ ಅಡ್ಡ ನಿಂತು, ಉಳಿದರ್ಧ ಹೇಳಿ ಮುಗಿಸುವ ತನಕ ಒಬ್ಬರನ್ನೂ ಹೊರಗೆ ಬಿಡುತ್ತಿರಲಿಲ್ಲ. ಮುಂದಿನ ಪೀರಿಯಡ್ಡಿನವರು ಗೊಣಗಿದರೆ, "ತಪ್ಪಾಯ್ತು, ತಪ್ಪಾಯ್ತು" ಎಂದು ಕೈ ಮುಗಿಯುವರು. ಎಷ್ಟೋ ಸಲ ಆ ಮುಂದಿನ ಪೀರಿಯಡ್ಡಿನವಳು ನಾನೇ. ಬಸ್ಸಿನಲ್ಲಿ ಕಂಬಿಯನ್ನು ಮಾತ್ರ ಅವರು ಮತ್ತೆ ಬಿಡಲಿಲ್ಲ.

ಹೀಗೆ ಅವರ ಬಗ್ಗೆ ಹೇಳುವುದು ಬಹಳವಿದ್ದರೂ, ನನಗೆ ಅವರು ಮೊದಲು ನೆನಪಾಗುವುದು ಒಂದು ಭಾನುವಾರದಿಂದ. ಬಸ್ಸಿನಲ್ಲಿ ಆ ಮಾತಾದ ವಾರವೇ ಅದು. "ನಾಳೆ ಅವರ ಮನೆಗೆ ಹೋಗಣ ಬನ್ನಿ ಮೇಡಂ" ಎಂದು ಶನಿವಾರ ಅವರೇ ಕರೆದರು.

ಮಧ್ಯಾಹ್ನದ ಹೊತ್ತು. ವೆಂಕಟರವಣಪ್ಪ ಜಗಲಿಯ ಮೇಲಿದ್ದ. ಮೇಷ್ಟ್ರು ಈ ಸಲ ಕೂರಲಿಲ್ಲ. ಪಕ್ಕದ ಮನೆಯವರ ಹಳೆಯ ಸೈಕಲ್ಲನ್ನು ಕೇಳಿ ತಂದು, ಅಂಗಳದ ನಡುವೆ ತಲೆಕೆಳಗು ಮಾಡಿ ನಿಲ್ಲಿಸಿದರು. ಪ್ಯಾಂಟನ್ನು ಇನ್ನೊಂದು ಸುತ್ತು ಮಡಿಚಿಕೊಂಡರು. "ಮಮತಾ, ಬಾರಮ್ಮ" ಎಂದು ಗಟ್ಟಿಯಾಗಿ ಕೂಗಿದರು. ಹಿತ್ತಲಿನಿಂದ ಸದ್ದಿಲ್ಲ. "ನನ್ನ ಪಾಠ ಒಂದು ಬಾಕಿ ಇದೆ. ಅದನ್ನ ಕೇಳ್ಬಿಟ್ಟು ನೀನು ಇಸ್ಕೂಲಿಗೆ ಬರದೇ ಇದ್ರೂ ಸರಿ, ನಾನು ಇನ್ನು ಈ ಮನೆಗೆ ಬರಲ್ಲ" ಎಂದರು. ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ವೆಂಕಟರವಣಪ್ಪ ಹೋಗು ಎಂದು ಕಣ್ಣು ಸನ್ನೆ ಮಾಡಿದ.

ಮೇಷ್ಟ್ರು ಅವಳ ಕೈಗೆ ಪೆಡಲ್ಲು ಕೊಟ್ಟು ಜೋರಾಗಿ ತಿರುಗಿಸು ಎಂದರು. ಹಿಂದಿನ ಚಕ್ರ ಗಿರ್ರೆಂದು ತಿರುಗಿತು. ತಾವು ಬ್ರೇಕು ಹಿಡಿದರು. ನಿಲ್ಲಿಸಬೇಡ, ತಿರುಗಿಸುತ್ತಲೇ ಇರು ಎಂದರು. ಅವಳು ತಿರುಗಿಸಿದಳು, ಅವರು ಹಿಡಿದರು. ಇಬ್ಬರೂ ಏದುಸಿರು ಬಿಟ್ಟರು. ರಬ್ಬರಿನ ವಾಸನೆ ಜಗಲಿಯ ತನಕ ಬಂತು. ಆಗ ಅವಳಿಂದ ಪೆಡಲ್ಲು ಬಿಡಿಸಿ, ಚಕ್ರ ನಿಂತ ಮೇಲೆ, "ಇಷ್ಟೊತ್ತು ತಿರುಗಿಸಿದ್ಯಲ್ಲ, ಅದೆಲ್ಲಾ ಎಲ್ಲಿಗೆ ಹೋಯ್ತು?" ಎಂದು ಕೇಳಿದರು.

ಮಮತ ಯೋಚಿಸಲಿಲ್ಲ. ಕೈ ಚಾಚಿ ಬ್ರೇಕಿನ ರಬ್ಬರನ್ನು ಮುಟ್ಟಿದಳು, ತಟ್ಟನೆ ಹಿಂದಕ್ಕೆ ತೆಗೆದಳು. "ಸುಡ್ತೈತೆ ಸಾರ್."

ಮೇಷ್ಟ್ರು ಸೈಕಲ್ಲನ್ನು ಜಗಲಿಯ ಅಂಚಿಗೆ ಎಳೆದುಕೊಂಡು ಹೋಗಿ ವೆಂಕಟರವಣಪ್ಪನ ಕೈಯನ್ನೂ ಅದರ ಮೇಲೆ ಇಟ್ಟರು. "ಇದು ಒಂದು ಖಾಲಿ ಚಕ್ರ. ಒಂದು ಮಗು ತಿರುಗಿಸಿದ್ದು. ನಿಮ್ಮ ಗಾಡಿ ಭಾರ, ಲೋಡು ಭಾರ, ಬೆಟ್ಟದ ಎತ್ತರ, ಅಷ್ಟೂ ನಿಮ್ಮ ಬ್ರೇಕಿಗೆ ಹೋಯ್ತು. ಕಾದ ಬ್ರೇಕು ಹಿಡಿಯಲ್ಲ. ಗೇರಲ್ಲಿ ಬಿಟ್ಟಿದ್ರೆ ಎಂಜಿನ್ನೂ ಒಂದು ಪಾಲು ಹೊತ್ಕೊಳ್ಳೋದು. ಬೆಟ್ಟ ವಾಪಸ್ ಕೊಡುತ್ತೆ ಅಂದಿದ್ದೆ. ಕೊಟ್ಟಿದ್ದನ್ನ ಇಟ್ಕೊಳಕ್ಕೆ ಜಾಗ ಬೇಕು ಅಂತ ಹೇಳಲಿಲ್ಲ. ಈಗ ಹೇಳಿದೀನಿ. ಪಾಠ ಮುಗೀತು."

ವೆಂಕಟರವಣಪ್ಪ ಕೈ ತೆಗೆಯಲಿಲ್ಲ. ಆ ಸಣ್ಣ ರಬ್ಬರಿನ ತುಂಡನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದ.

"ಇಷ್ಟೇನಾ ಸಾರ್?" ಎಂದ. ಬೈಗುಳದ ದನಿಯಲ್ಲ, ನಿಜವಾಗಿ ಕೇಳುವ ದನಿ. "ಇಷ್ಟು ಹೇಳಕ್ಕೆ ಎಷ್ಟು ಹೊತ್ತು ಬೇಕಿತ್ತು?"

"ಐದು ನಿಮಿಷ" ಎಂದರು ಮೇಷ್ಟ್ರು.

ಒಳಗಿನಿಂದ ಮಮತಳ ಅಮ್ಮ ಕಾಫಿ ತಂದು ನಿಂತವರು ಹಾಗೇ ನಿಂತಿದ್ದರು. ವೆಂಕಟರವಣಪ್ಪ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, ಮಗಳ ಕಡೆ ತಿರುಗಿದ.

"ನಾಳೆಯಿಂದ ಇಸ್ಕೂಲಿಗೆ ಹೋಗಮ್ಮ" ಎಂದ. "ಅರ್ಧಕ್ಕೆ ಎದ್ದು ಬರಬ್ಯಾಡ. ಪೂರ್ತಿ ಕೇಳ್ಕೊಂಡು ಬಂದು ನಂಗೆ ಹೇಳು."

ಮೇಷ್ಟ್ರು ಸೈಕಲ್ಲನ್ನು ನೇರ ಮಾಡಲು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.